ಡಬ್ಬಿ ತಿರುವಿ ನೋಡುವ ಡಾಕ್ಟ್ರು

ಗುಡೇಕೋಟೆಯ ನಮ್ಮ ಓಣಿಯಲ್ಲಿ ಕೋಳಿಗಳು ಸಾಯತೊಡಗಿದಾಗ ಕೂಡ್ಲಿಗಿಯಿಂದ ದನದ ಡಾಕ್ಟ್ರು ಬಂದರು. ಹಕ್ಕಿಜ್ವರ ಮನುಷ್ಯರಿಗೂ ದಾಟಿದೆಯೇ ಎಂದು ಹುಡುಕುವ ಕೆಲಸ ಅವರ ತಲೆಗೆ ಬಿದ್ದಿತ್ತು. ಯಾರನ್ನು ಕೇಳಿದರೂ "ನಮ್ಮ ಕೋಳಿ ಆರಾಮ ಅದಾವ್ರಿ" ಎಂಬುದೇ ಉತ್ತರ. ತೂಕಡಿಸುವ ಕೋಳಿಯನ್ನು ಸಾಯುವ ಮೊದಲೇ ಕೊಯ್ದು ನಾಲ್ಕು ಮನೆಗೆ ಖಂಡ ಹಂಚುವುದು ನಮ್ಮಲ್ಲಿ ರೂಢಿ. ಅದನ್ನು ಸರಕಾರದವರ ಮುಂದೆ ಯಾರು ಬಾಯಿಬಿಡುತ್ತಾರೆ?

ಅವರು ವಾದಿಸುತ್ತಿರಲಿಲ್ಲ. "ಇರಲಿ ಬಿಡ್ರಿ, ಒಂದೀಟು ನೀರು ಕೊಡ್ರಿ" ಎಂದು ಅಡಿಗೆಮನೆ ಹೊಸ್ತಿಲಿಗೇ ಬಂದು ಕೂರುತ್ತಿದ್ದರು.

ನಮ್ಮವ್ವನಿಗೆ ಎರಡು ದಿನದಿಂದ ಜ್ವರ, ಕೆಮ್ಮು. "ನಾ ಕೋಳಿ ಮುಟ್ಟೇ ಇಲ್ರಿ" ಎಂದಳು.

"ಇರಲಿ ಬಿಡು ಯವ್ವಾ, ಒಂದೀಟು ನೀರು ಕೊಡು."

ನೀರು ಕುಡಿದವರು ಗೋಡೆಯ ಗೂಡಿನಲ್ಲಿದ್ದ ಸ್ಟೀಲ್ ಡಬ್ಬಿ ತಿರುವಿ, ಅದರ ಮೇಲೆ ಕೆತ್ತಿದ್ದ ಹೆಸರು ಓದಿದರು. ಮೊದಲು ಕೋಳಿ ಸತ್ತ ಮನೆಯದೇ ಹೆಸರು. ಬಂದ ಡಬ್ಬಿಯನ್ನು ಖಾಲಿ ವಾಪಸ್ ಕೊಡಬಾರದೆಂದು ಅವ್ವ ಹಾಗೇ ಇಟ್ಟುಕೊಂಡಿದ್ದಳು.

"ಖಂಡ ನೀನ ತೊಳದ್ಯಾ ಯವ್ವಾ?"

ಅವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕುಬಿಟ್ಟಳು. ಅಂದೇ ಆಸ್ಪತ್ರೆಯವರು ಬಂದು ಅವಳ ಮೂಗಿನ ದ್ರವ ಪರೀಕ್ಷೆಗೆ ಒಯ್ದರು. ಹೀಗೇ ಡಬ್ಬಿಗಳ ಬೆನ್ನು ಹತ್ತಿ ಇನ್ನೂ ಐದು ಮನೆ ಸಿಕ್ಕವು.

ಫಲಿತಾಂಶ ಬಂದ ದಿನ ಡಾಕ್ಟ್ರು ತಾವೇ ಬಂದು, "ಎಲ್ಲಾರಿಗೂ ಬರೇ ನೆಗಡಿ ಐತಿ, ಆರಾಮಿರು" ಎಂದರು. ಅವ್ವ ಖುಷಿಗೆ ನಮ್ಮ ಡಬ್ಬಿ ತುಂಬ ಶೇಂಗಾ ಉಂಡಿ ಕೊಟ್ಟಳು.

ಆ ಡಬ್ಬಿ ಇನ್ನೂ ವಾಪಸ್ ಬಂದಿಲ್ಲ. ಕೇಳಿದರೆ ಅವ್ವನಿಗೆ ಚಿಂತೆಯೇ ಇಲ್ಲ. "ಕೂಡ್ಲಿಗಿಗೆ ಹೋದಾಗ ಅವರ ಮನ್ಯಾಗ ಒಂದೀಟು ನೀರು ಕೇಳತೀನಿ ಬಿಡು" ಅನ್ನುತ್ತಾಳೆ.