ಹೊಳೆಯಲ್ಲಿ ತಂಪು ಹುಡುಕಿದ ಗಿರಿಜಕ್ಕ

ಇಲ್ಲ... ಇದು ಬೇರೆ ಯಾರೋ ಗಿರಿಜಾ ಇರಬೇಕು ಅಂದುಕೊಂಡೆ.
ಗ್ರೂಪಿನಲ್ಲಿ ಬಂದ ಮೆಸೇಜ್ ಮತ್ತೆ ಮತ್ತೆ ಓದಿದೆ...
ಕೊನೆಗೆ ಅವಳ ನಂಬರಿಗೇ ಫೋನ್ ಮಾಡಿದೆ.
ಅವಳ ತಮ್ಮ ಎತ್ತಿದ.
"ಖರೆ ಐತ್ರೀ ಅಕ್ಕಾರ... ಮುಂಜಾನೆ ಹೋದ್ಳು."

ಗಿರಿಜಕ್ಕ ಬೆಟಗೇರಿಯ ನೇಕಾರರ ಮನೆಯ ಮಗಳು.
ನನಗೆ ಅಂತರ್ಜಲದ ಕೆಲಸ ಕಲಿಸಿದ ಸೀನಿಯರ್.
ಹೊಳೆ ನೆಲಕ್ಕೆ ಎಷ್ಟು ನೀರು ಕೊಡುತ್ತದೆ, ನೆಲ ಹೊಳೆಗೆ ಎಷ್ಟು ಕೊಡುತ್ತದೆ...
ಅದನ್ನು ಅಳೆಯುವುದೇ ನಮ್ಮ ಕೆಲಸ.

ಆ ಬೇಸಿಗೆ ಕಣ್ಣ ಮುಂದೆ ಬರುತ್ತಿದೆ...
ಶಿರಹಟ್ಟಿ ಕಡೆ, ತುಂಗಭದ್ರೆಯ ದಂಡೆಯ ಊರು.
ದಂಡೆಯ ಮೇಲಿನ ಹಳೆಯ ಬಾವಿಯನ್ನು ಮುಚ್ಚಲು ಹೊರಟಿದ್ದರು.
"ಹೊಳಿ ಬತ್ತಿದ್ರ ಬಾವೀನೂ ಬತ್ತತೈತಿ... ಇಟ್ಕೊಂಡು ಏನ ಮಾಡೂದ್ರೀ?" ಎಂದರು ಪಂಚಾಯ್ತಿಯ ಹಿರಿಯರು.
"ಸ್ವಲ್ಪ ತಡೀರಿ ಯಜಮಾನ್ರ, ಅಳದು ನೋಡೂಣು" ಎಂದಳು ಅಕ್ಕ.

ಅರ್ಧ ಕತ್ತರಿಸಿದ ಡ್ರಮ್ಮನ್ನು ಹೊಳೆಯ ತಳಕ್ಕೆ ಬೋರಲು ಒತ್ತಿ, ಅದರ ತೂತಿಗೆ ಪ್ಲಾಸ್ಟಿಕ್ ಚೀಲ ಕಟ್ಟಿದೆವು.
ನೆಲದಿಂದ ನೀರು ಮೇಲೆ ಬಂದರೆ ಚೀಲ ತುಂಬಬೇಕು.
ತುಂಬಲಿಲ್ಲ...
ದಂಡೆಯ ಮೇಲೆ ಯಾರೋ ನಕ್ಕರು.
ಬಾವಿಯ ಪಕ್ಕದ ಮನೆಯ ನೀಲವ್ವ ಅಕ್ಕನ ಹತ್ತಿರ ಬಂದು ಪಿಸುಗುಟ್ಟಿದಳು.
"ಯವ್ವಾ, ಚೀಲ ಸೋರತೈತಿ ಅಂತ ಹೇಳಿಬಿಡು, ಬಾವಿ ಉಳೀಲಿ."
"ಇಲ್ಲಬೇ ಆಯಿ... ಚೀಲ ಛಲೋ ಐತಿ. ಇಲ್ಲಿ ನೆಲ ನೀರ ಕೊಡವಲ್ದು. ಇದ್ದದ್ದ ಹೇಳಬೇಕು."

ಹಾಗೆಂದ ಅಕ್ಕ ಸೀರೆ ಎತ್ತಿ ಕಟ್ಟಿ ನೀರಿಗಿಳಿದಳು.
ಮಧ್ಯಾಹ್ನದ ಹೊಳೆ... ಮೊಣಕಾಲುದ್ದ, ಬೆಚ್ಚಗೆ.
ಕಣ್ಣು ಮುಚ್ಚಿ ನಡೆದಳು... ನಿದ್ದೆಯಲ್ಲಿ ನಡೆಯುವವರ ಹಾಗೆ.
ನೀರೂ ಬಿಸಿಲೂ ಒಂದಾಗಿ, ಅವಳು ಬೆಳಕಿನ ಮೇಲೆ ಹೋಗುತ್ತಿದ್ದಾಳೆ ಅನ್ನಿಸಿತು.
ಬಾವಿಯ ಕೆಳಗಿನ ತಿರುವಿನಲ್ಲಿ ಗಕ್ಕನೆ ನಿಂತಳು.
"ತಂಗೀ... ಇಲ್ಲಿ ತಂಪೈತಿ!"

ಬೇಸಿಗೆಯಲ್ಲಿ ನೆಲದೊಳಗಿನ ನೀರು ಹೊಳೆಯ ನೀರಿಗಿಂತ ತಣ್ಣಗೆ.
ಡ್ರಮ್ಮನ್ನು ಅಲ್ಲಿಗೆ ಒಯ್ದೆವು.
ಸಂಜೆಗೆ ಚೀಲ ಉಬ್ಬಿತ್ತು.
ಬಾವಿಯ ನೀರಿನ ಮಟ್ಟವೂ ಹೊಳೆಗಿಂತ ಮೇಲಿತ್ತು.
ಹೊಳೆಯ ನೀರು ಬಾವಿಗೆ ಬರುತ್ತಿರಲಿಲ್ಲ... ಬಾವಿಯ ಕಡೆಯ ಸೆಲೆಯೇ ಹೊಳೆಗೆ ಸೇರುತ್ತಿತ್ತು.
ಹಿರಿಯರು ತಾವೇ ನೀರಿಗಿಳಿದು, ಆ ತಂಪಿನಲ್ಲಿ ಬಹಳ ಹೊತ್ತು ನಿಂತರು.
"ಮುಚ್ಚೂದು ಬ್ಯಾಡ ಬಿಡ್ರಿ" ಎಂದರು.

ಅಕ್ಕಾ...
ಮರು ಬೇಸಿಗೆ ಹೊಳೆ ಬರೀ ಮರಳಾದಾಗ ಇಡೀ ಊರು ಆ ಬಾವಿಯ ನೀರು ಕುಡಿಯಿತು.
ನೀನು ಆಗ ಆಸ್ಪತ್ರೆಯಲ್ಲಿದ್ದೆ.
ಫೋನಿನಲ್ಲಿ ನಾನು ಸುದ್ದಿ ಹೇಳಿದೆ.
ನೀನು, "ನೀಲವ್ವ ಕೊಡ ಹೊತ್ಕೊಂಡು ದೂರ ಹೋಗಲಿಲ್ಲಲ್ಲ... ಅಷ್ಟ ಸಾಕು" ಅಂದೆ.
ಮೊನ್ನೆ ಮೊನ್ನೆ, "ಮುಂಡರಗಿ ಕಡೆ ದಂಡಿ ಅಳದು ನೋಡೂದು ಉಳದೈತಿ. ಮಳಿ ನಿಂತಮ್ಯಾಗ ಹೋಗೂಣು" ಅಂದಿದ್ದೆ.
ಇನ್ನು ನಾನೊಬ್ಬಳೇ ಹೋಗಬೇಕು... ಹೋಗುತ್ತೇನೆ.

ಬೆಳಿಗ್ಗೆಯೇ ನೀಲವ್ವನಿಗೆ ಫೋನಿನಲ್ಲಿ ಖಬರ ಮುಟ್ಟಿಸಿದೆ.
ಅವಳು ಅಂದಳು...
"ಅವತ್ತ ರೊಟ್ಟಿ ಬಡೀತೀನಿ, ಉಂಡು ಹೋಗು ಅಂದೆ. ಮತ್ತ ಬರತೀನಿ ಆಯಿ ಅಂದು ಹೋದ್ಳು..."

ಸಂಜೆ ಬೆಟಗೇರಿಯಲ್ಲಿ ಮಣ್ಣು ಮಾಡುತ್ತಾರೆ.
ನೀಲವ್ವ ರೊಟ್ಟಿ ಕಟ್ಟಿಕೊಂಡು ಬಸ್ ಹತ್ತಿದ್ದಾಳಂತೆ.

ಹೋಗಿ ಬಾ ಗಿರಿಜಕ್ಕ...
ನಿನ್ನ ಜೀವ ಎಲ್ಲಿದ್ದರೂ ತಣ್ಣಗಿರಲಿ. 🙏