ಹಾಡುವ ಗಂಡಿನ ಕಾರ್ಡು

ತ್ಯಾಗರಾಜನಗರದಲ್ಲಿ ನಮ್ಮ ಪಕ್ಕದ ಮನೆಯ ಆಂಟಿಯ ಬಳಿ ಬಿಸ್ಕತ್ತಿನ ಡಬ್ಬಿಯ ತುಂಬ ಹಳೆಯ ವ್ಯಂಗ್ಯಚಿತ್ರದ ಪೋಸ್ಟ್‌ಕಾರ್ಡುಗಳಿದ್ದವು. ಬೀದಿಯಲ್ಲಿ ಯಾರ ಮನೆಗೆ ಹೆಣ್ಣು ನೋಡಲು ಬಂದರೂ ಅವರು ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡು ಹಾಜರಾಗುತ್ತಿದ್ದರು. ಬಂದವರ ಕೈಗೆ ಒಂದೊಂದೇ ಕಾರ್ಡು ಕೊಟ್ಟು, “ಸುಮ್ನೆ, ತಮಾಷೆಗೆ” ಎನ್ನುತ್ತಿದ್ದರು. ಆಮೇಲೆ ಅವರ ಮುಖಗಳನ್ನೇ ನೋಡುತ್ತ ಕೂರುತ್ತಿದ್ದರು.

ತೊಂಬತ್ತರ ದಶಕದ ಕೊನೆಯಲ್ಲಿ ನನ್ನ ಸರದಿ ಬಂತು. ಉಪ್ಪಿಟ್ಟು, ಕೇಸರಿಬಾತು ಮುಗಿಯುವ ಹೊತ್ತಿಗೆ ಹುಡುಗನ ತಂದೆ, ಚಾಪೆಯ ಮೇಲಿದ್ದ ನನಗೆ, “ಒಂದು ಹಾಡು ಹೇಳಮ್ಮ” ಅಂದರು. ನನಗೆ ಹಾಡಲು ಬರುತ್ತಿರಲಿಲ್ಲ. ಅಮ್ಮ ಬಾಗಿಲಲ್ಲಿ ನಿಂತು ಕಣ್ಣಲ್ಲೇ ಒತ್ತಾಯಿಸುತ್ತಿದ್ದಳು. ಆಂಟಿ ಒಂದು ಕಾರ್ಡು ಹುಡುಕಿ ತೆಗೆದು ಅವರಿಗೆ ಕೊಟ್ಟರು. ಈಗ ನಮ್ಮ ಶೋಕೇಸಿನಲ್ಲಿರುವ ಆ ಕಾರ್ಡಿನಲ್ಲಿ ಗಂಡು ಚಾಪೆಯ ಮೇಲೆ ತಲೆ ತಗ್ಗಿಸಿ ಹಾಡುತ್ತಿದ್ದಾನೆ. ಹೆಣ್ಣು ಕುರ್ಚಿಯಲ್ಲಿ ಕೂತು ಬೋಂಡ ತಿನ್ನುತ್ತ ಕೇಳುತ್ತಿದ್ದಾಳೆ.

ಹುಡುಗನ ತಂದೆ ನಗಲಿಲ್ಲ. ಅಮ್ಮನ ಮುಖ ಬಿಳಿಚಿಕೊಂಡಿತು. ಹುಡುಗ ಕಾರ್ಡು ಇಸಕೊಂಡು ನೋಡಿದ. ಕುರ್ಚಿ ಬಿಟ್ಟಿಳಿದು, ನನ್ನೆದುರು ಚಾಪೆಯಲ್ಲಿ ಕೂತು, ಶ್ರುತಿ ತಾಳ ಎರಡೂ ಇಲ್ಲದೆ ಒಂದು ದೇವರನಾಮ ಹಾಡಿದ. ಕೊನೆಗೆ ಅವನ ತಂದೆಯೂ ನಕ್ಕರು.

ಆಂಟಿ ಮಾತ್ರ ನಗಲಿಲ್ಲ. ನನ್ನ ಕಡೆ ತಿರುಗಿ, ಎಲ್ಲರಿಗೂ ಕೇಳಿಸುವಂತೆ, “ಹುಡುಗ ನಿಂಗೆ ಒಪ್ಪಿಗೆನಾ?” ಅಂದರು. ಅದುವರೆಗೆ ನನ್ನನ್ನು ಯಾರೂ ಅದನ್ನು ಕೇಳಿರಲಿಲ್ಲ. ಆಂಟಿ ಆ ಸಲ ‘ಸುಮ್ನೆ, ತಮಾಷೆಗೆ’ ಎನ್ನಲಿಲ್ಲ.