ಏಣಿಯ ಮೇಲಿದ್ದವರನ್ನು ಕೂಗಬಾರದು

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ನಾನು ಮದುವೆಯಾಗಿ ಧಾರವಾಡದಿಂದ ಪುಣೆಗೆ ಬಂದೆ. ಸದಾಶಿವ ಪೇಠದ ಹಳೆಯ ವಾಡೆಯೊಂದರಲ್ಲಿ ನಮಗಿದ್ದದ್ದು ಒಂದೇ ಕೋಣೆ. ನನಗೆ ಮರಾಠಿ ಬರುತ್ತಿರಲಿಲ್ಲ. ಬೆಳಿಗ್ಗೆ ಯಜಮಾನರು ಸೈಕಲ್ ಹತ್ತಿ ಹೋದರೆಂದರೆ ಸಂಜೆಯವರೆಗೆ ಕನ್ನಡದ ಒಂದು ಮಾತು ಕಿವಿಗೆ ಬೀಳುತ್ತಿರಲಿಲ್ಲ. ಟ್ರಾಫಿಕ್ ಸಿಗ್ನಲ್‌ಗಳನ್ನು ನೋಡಿಕೊಳ್ಳುವುದು ಅವರ ಕೆಲಸ. ಸುಟ್ಟ ಬಲ್ಬು ಬದಲಿಸುತ್ತಿದ್ದರು, ಧೂಳು ಹಿಡಿದ ಗಾಜು ಒರೆಸುತ್ತಿದ್ದರು, ಪೆಟ್ಟಿಗೆಯೊಳಗಿನ ತಂತಿ ಬಿಗಿ ಮಾಡುತ್ತಿದ್ದರು.

ಒಂದು ದಿನ ತರಕಾರಿಗೆ ಹೋದವಳು ಚೌಕದಲ್ಲಿ ಅವರನ್ನು ಕಂಡೆ. ಸಿಗ್ನಲ್ ಆರಿತ್ತು, ಪೊಲೀಸನೊಬ್ಬ ಕೈಸನ್ನೆ ಮಾಡಿ ಗಾಡಿ ಬಿಡುತ್ತಿದ್ದ. ಕಂಬಕ್ಕೊರಗಿದ ಏಣಿಯ ಮೇಲೆ ಇವರು. ಕೆಳಗೆ ಏಣಿ ಹಿಡಿದು ನಿಂತವನು ಇವರ ಜೊತೆಗಾರ, ದಪ್ಪ ಮೀಸೆಯ ಮರಾಠಿ ಮನುಷ್ಯ. ನನಗೆ ಹಿಗ್ಗು ತಡೆಯಲಿಲ್ಲ.

"ರೀ, ಇಲ್ಲೆ ನೋಡ್ರಿ" ಎಂದು ಕೂಗಿದೆ.

ಇವರು ತಿರುಗಲಿಲ್ಲ. ಜೊತೆಗಾರ ಏಣಿಯಿಂದ ಕೈ ತೆಗೆಯದೆ, ಸುಮ್ಮನಿರುವಂತೆ ತಲೆಯಲ್ಲೇ ಸನ್ನೆ ಮಾಡಿದ.

ಕೆಲಸ ಮುಗಿದ ಮೇಲೆ ಇವರು ಇಳಿದು, ಜೇಬಿನಿಂದ ಫ್ಯೂಸ್ ತೆಗೆದು ಪೆಟ್ಟಿಗೆಗೆ ಸಿಕ್ಕಿಸಿದರು. ಹತ್ತುವವನೇ ಫ್ಯೂಸ್ ಕಿತ್ತು ತನ್ನ ಹತ್ತಿರ ಇಟ್ಟುಕೊಂಡರೆ ಬೇರೆ ಯಾರೂ ತಪ್ಪಿ ಕರೆಂಟು ಹಾಕುವಂತಿಲ್ಲ. ಆಮೇಲೆ ನನ್ನ ಕಡೆ ಬಂದರು.

"ಏಣಿ ಮ್ಯಾಲಿದ್ದವರನ್ನ ಕೂಗಬಾರದು. ನಾ ತಿರುಗಿದ್ರ ನನ್ನ ಕಾಲು ಜಾರತದ, ಅವ ತಿರುಗಿದ್ರ ಏಣಿ ಜಾರತದ."

"ಹಂಗಾರ ನಾ ಬರಬಾರದೇನ್ರಿ?"

"ಬಾ. ದೂರ ನಿಂತು ನೋಡು."

ಅಂದಿನಿಂದ, ಇಂದು ಯಾವ ಚೌಕ ಎಂದು ಬೆಳಿಗ್ಗೆಯೇ ಕೇಳಿಟ್ಟುಕೊಳ್ಳುತ್ತಿದ್ದೆ. ಹತ್ತಿರದ್ದಾದರೆ ಚೀಲ ಹಿಡಿದು ಹೊರಟುಬಿಡುತ್ತಿದ್ದೆ.

ಒಂದು ಮಳೆಗಾಲ, ಮಳೆ ನಿಂತಿದ್ದರೂ ರಸ್ತೆ ಇನ್ನೂ ಒದ್ದೆಯಿತ್ತು. ಸ್ಕೂಟರೊಂದು ಜಾರಿ, ಅಡ್ಡ ಇಟ್ಟಿದ್ದ ಕೆಂಪು ಬಾವುಟವನ್ನು ಉರುಳಿಸಿಕೊಂಡು ಬಂದು ಜೊತೆಗಾರನಿಗೆ ಬಡಿಯಿತು. ಏಣಿ ಬಿತ್ತು. ಇವರು ಕಂಬಕ್ಕೆ ಸುತ್ತಿ ಕಟ್ಟಿಕೊಂಡಿದ್ದ ಸೊಂಟದ ಬೆಲ್ಟಿನಿಂದ ಜೋತಾಡಿದರು. ನಾನು ಸೆರಗಿನಿಂದ ಬಾಯಿ ಒತ್ತಿಕೊಂಡೆ, ಕೂಗಲಿಲ್ಲ. ಪೊಲೀಸನೂ ಅಂಗಡಿಯವರೂ ಏಣಿ ಎತ್ತಿ ನಿಲ್ಲಿಸಿದರು. ಇಳಿದವರೇ ಇವರು ಜೊತೆಗಾರನ ಪಕ್ಕ ರಸ್ತೆಯಲ್ಲೇ ಕುಳಿತರು. ಕಾಲು ಮುರಿದದ್ದು ಅವನದು. ಆದರೆ ನಿನಗೆ ಪೆಟ್ಟಾಯಿತೇ ಎಂದು ಮರಾಠಿಯಲ್ಲಿ ಅವನೇ ಇವರನ್ನು ಕೇಳುತ್ತಿದ್ದ; ಅಷ್ಟು ಮರಾಠಿ ಆಗ ನನಗೂ ತಿಳಿಯುತ್ತಿತ್ತು.

ಅವನ ಕಾಲು ಕೂಡಿಕೊಂಡಿತು, ಆದರೆ ಬಹಳ ಹೊತ್ತು ನಿಲ್ಲಲಾಗುತ್ತಿರಲಿಲ್ಲ. ವರ್ಕ್‌ಶಾಪಿನಲ್ಲಿ ಕೂತು ಮಾಡುವ ಕೆಲಸ ಕೊಟ್ಟರು. ನೀವೂ ಅಲ್ಲೇ ಕೆಲಸ ಕೇಳಿಕೊಳ್ಳಿರೆಂದು ನಾನು ದಿನವೂ ಇವರ ಬೆನ್ನು ಹತ್ತಿದೆ. ಕೊನೆಗೆ ಸಿಕ್ಕಿತು. ಅಷ್ಟರಲ್ಲಿ ನಾವು ಪುಣೆಯ ಅಂಚಿನ ಕೋಥರೂಡಿಗೆ ಮನೆ ಬದಲಿಸಿದ್ದೆವು. ಸಂಜೆ ಅವರು ಬರುವವರೆಗೆ ಜೀವ ಕೈಯಲ್ಲಿ ಹಿಡಿದುಕೊಂಡಿರುವುದು ತಪ್ಪಿತು. ಆದರೆ ವರ್ಕ್‌ಶಾಪಿಗೆ ಎತ್ತರದ ಗೋಡೆ, ಬಾಗಿಲಲ್ಲಿ ಕಾವಲುಗಾರ.

"ಮೊದಲಿನ್ಹಂಗ ನಿಮ್ಮನ್ನ ನೋಡ್ಲಿಕ್ಕೆ ಆಗವಲ್ತು" ಎಂದೆ ಒಮ್ಮೆ.

"ಮನ್ಯಾಗ ಇದ್ದೀನಲ್ಲ, ಎಷ್ಟು ಬೇಕಷ್ಟು ನೋಡು" ಎಂದು ನಕ್ಕರು.

ಮನೆಯಲ್ಲಿದ್ದವರು ದಣಿದು ಬಂದ ಗಂಡ. ಚೌಕದಲ್ಲಾದರೆ ಏಣಿಯ ಮೇಲೆ ಬಿಸಿಲಿಗೆ ಮೈಯೊಡ್ಡಿ ನಿಂತಿರುತ್ತಿದ್ದರು. ಊರೆಲ್ಲ ಅವರ ಕೆಳಗೆ ಹಾದುಹೋಗುತ್ತಿತ್ತು. ಅವರು ಯಾರವರೆಂದು ಆ ಗದ್ದಲದಲ್ಲಿ ನನಗೊಬ್ಬಳಿಗೇ ಗೊತ್ತಿರುತ್ತಿತ್ತು. ಇದನ್ನು ಅವರಿಗೆ ಹೇಗೆ ಹೇಳಬೇಕೋ ತಿಳಿಯಲಿಲ್ಲ.

ಅವರು ಹೋಗಿ ಬಹಳ ವರ್ಷಗಳಾದವು. ಈಗ ಮುಖ ನೆನೆಯಬೇಕೆಂದರೆ ಫೋಟೋ ನೋಡಬೇಕು. ಏಣಿಯ ಮೇಲಿನ ಆ ಖಾಕಿ ಅಂಗಿಯ ಬೆನ್ನಿನ ಮೇಲೆ ಹರಡಿದ ಬೆವರಿನ ಕಲೆ ಮಾತ್ರ ತಾನಾಗಿಯೇ ಕಣ್ಣ ಮುಂದೆ ಬರುತ್ತದೆ.